ಕೊಹೊಲಿಂಟ್ ದ್ವೀಪದಲ್ಲಿ ದಾರಿ ತಪ್ಪಿದವರಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಆಟದ ಬಗ್ಗೆ ಇದ್ದವು: ‘ದ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್’. ಜಪಾನಿನ ನಿಂಟೆಂಡೊ ಇದನ್ನು 1993ರಲ್ಲಿ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿದಾಡುವ ಯಂತ್ರಕ್ಕೆಂದು ಮಾಡಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಅದೇ ಕಥೆ ಬೊಂಬೆಯಾಟದಂಥ ಹೊಸ ಚಿತ್ರಗಳೊಂದಿಗೆ ನಿಂಟೆಂಡೊದ ಸ್ವಿಚ್ ಯಂತ್ರಕ್ಕೆ ಬಂತು. ಬಿರುಗಾಳಿಗೆ ದೋಣಿ ಒಡೆದು ಲಿಂಕ್ ಎಂಬ ಹುಡುಗ ಕೊಹೊಲಿಂಟ್ ದ್ವೀಪದ ದಡ ಸೇರುತ್ತಾನೆ. ಎಂಟು ಗುಹೆಗಳಿಂದ ಎಂಟು ವಾದ್ಯ ತಂದು, ಬೆಟ್ಟದ ತುದಿಯ ದೊಡ್ಡ ಮೊಟ್ಟೆಯೊಳಗೆ ಮಲಗಿರುವ ಗಾಳಿಮೀನನ್ನು ಎಬ್ಬಿಸಿದರೆ ಮಾತ್ರ ಅವನಿಗೆ ಅಲ್ಲಿಂದ ಬಿಡುಗಡೆ. ಉತ್ತರಗಳೆಲ್ಲ ಸ್ವಿಚ್ ಆವೃತ್ತಿಗೆ ಬರೆದವು. ಕೊನೆಯ ಎರಡು ಪ್ರಶ್ನೆಗಳಲ್ಲಿ ಕಥೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ, ಆಟ ಮುಗಿಸದ ಮಕ್ಕಳು ಅವನ್ನು ಆಮೇಲೆ ಓದಿಕೊಳ್ಳಲಿ.

ಪ್ರ: ಮಗನಿಗೆ ಎಂಟು ವರ್ಷ. ಕತ್ತಿ ಹಿಡಿದು ಹೊಡೆಯುವ ಆಟ ಅಂತ ಕೇಳಿದೆ, ಕೊಡಿಸಬಹುದಾ? ನಮ್ಮಲ್ಲಿರುವುದು ಟಿವಿಗೆ ಹಾಕಲು ಬರದ ಸ್ವಿಚ್ ಲೈಟ್. (ಓದುಗರು, ದಾವಣಗೆರೆ)

ಉ: ಧಾರಾಳವಾಗಿ ಕೊಡಿಸಿ. ಯುರೋಪಿನ ವಯೋಮಿತಿ ಗುರುತಿನ ಪ್ರಕಾರ ಇದು 7 ವರ್ಷ ತುಂಬಿದವರಿಗೆ. ರಕ್ತ ಇಲ್ಲ, ಹೊಡೆತ ತಿಂದ ಪ್ರಾಣಿ ಹೊಗೆಯಾಗಿ ಮಾಯವಾಗುತ್ತದೆ. ದ್ವೀಪದಲ್ಲಿ ಸರಪಳಿ ಕಟ್ಟಿದ ಕಬ್ಬಿಣದ ಗುಂಡಿನಂಥ ನಾಯಿ, ಬಾಳೆಹಣ್ಣಿನ ಅಂಗಡಿ ಇಟ್ಟ ಮೊಸಳೆ, ಅಡುಗೆ ಮಾಡುವ ಕರಡಿ ಎಲ್ಲ ಇದ್ದಾರೆ. ಕಿರಿಯರಿಗೆ ನಿಜವಾದ ತೊಡಕು ಓದಿನದು. ಮಾತುಕತೆಗೆ ಧ್ವನಿ ಇಲ್ಲ, ಎಲ್ಲವೂ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರುತ್ತದೆ, ಕನ್ನಡದ ಆಯ್ಕೆ ಇಲ್ಲ. ಸುಳಿವುಗಳೆಲ್ಲ ಆ ಮಾತುಗಳಲ್ಲೇ ಅಡಗಿರುವುದರಿಂದ ಮೊದಲ ಎರಡು ಗುಹೆ ಮುಗಿಯುವವರೆಗೆ ದೊಡ್ಡವರೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಬೇಕು. ಹಾಗೆ ಓದಿಸಿಕೊಂಡ ಮಗು ಆಮೇಲೆ ತಾನೇ ಓದಲು ಹಾತೊರೆಯುತ್ತದೆ.

ಸ್ವಿಚ್ ಲೈಟ್‌ನಲ್ಲಿ ಇಡೀ ಆಟ ಆಡಬಹುದು. ಆಟದ ಕಾರ್ಡುಗಳಿಗೆ ದೇಶದ ಕಟ್ಟು ಇಲ್ಲ, ಯಾವ ದೇಶದಲ್ಲಿ ಕೊಂಡದ್ದಾದರೂ ಓಡುತ್ತದೆ. ಮನೆಯಲ್ಲಿ ಪುಟ್ಟ ಮಗುವೂ ಇದ್ದರೆ ಇನ್ನೊಂದು ಮಾತು: ಬಾಯಿಗೆ ಹಾಕಿಕೊಳ್ಳಬಾರದೆಂದು ಕಾರ್ಡಿಗೆ ತುಂಬ ಕಹಿಯಾದ ಲೇಪ ಕೊಟ್ಟಿರುತ್ತಾರೆ. ಆದರೂ ಅದು ಬೆರಳುಗುರಿನಷ್ಟು ಚಿಕ್ಕದು, ಡಬ್ಬಿಯಲ್ಲೇ ಇಡಿ. ಶುರುವಿನಲ್ಲಿ ‘ಹೀರೋ ಮೋಡ್’ ಆರಿಸಬೇಡಿ. ಅದರಲ್ಲಿ ಪೆಟ್ಟು ಎರಡು ಪಟ್ಟು, ಪ್ರಾಣ ತುಂಬುವ ಹೃದಯಗಳು ಪೊದೆ ಕತ್ತರಿಸಿದರೂ ಉದುರುವುದಿಲ್ಲ.

ಪ್ರ: ಕಾಡಿನಲ್ಲಿ ಎಷ್ಟು ನಡೆದರೂ ಹೊರಟ ಜಾಗಕ್ಕೇ ಬಂದು ನಿಲ್ತೀನಿ. ಒಂದು ರಕೂನ್ ನನ್ನನ್ನು ನೋಡಿ ನಗ್ತಿದೆ. (ಐದನೇ ಕ್ಲಾಸ್ ಹುಡುಗಿ, ಪುತ್ತೂರು)

ಉ: ಪುಟ್ಟಿ, ನೀನು ದಾರಿ ತಪ್ಪಿಲ್ಲ. ಆ ರಕೂನ್ ಅಲ್ಲಿರುವ ತನಕ ಉತ್ತರದ ದಾರಿ ತೆರೆಯುವುದೇ ಇಲ್ಲ, ಅದೇ ನಿನ್ನನ್ನು ಸುತ್ತಿಸುತ್ತಿದೆ. ಕತ್ತಿಯಿಂದ ಅದಕ್ಕೇನೂ ಆಗಲ್ಲ, ಬೇಕಾಗಿರುವುದು ಮಾಯಾಪುಡಿ.

ಕಾಡಿನೊಳಗೆ ಒಂದು ಗುಹೆ ಇದೆ. ಕಲ್ಲುಗಳನ್ನು ತಳ್ಳಿಕೊಂಡು ಅದನ್ನು ದಾಟಿದರೆ ಆಚೆ ಅಣಬೆ ಸಿಗುತ್ತದೆ. ಕಲ್ಲನ್ನು ತಪ್ಪು ಕಡೆ ತಳ್ಳಿ ದಾರಿ ಮುಚ್ಚಿಹೋದರೆ ಗಾಬರಿ ಬೇಡ, ಗುಹೆಯಿಂದ ಹೊರಗೆ ಬಂದು ಮತ್ತೆ ಒಳಗೆ ಹೋದರೆ ಕಲ್ಲುಗಳು ಮೊದಲಿದ್ದ ಜಾಗದಲ್ಲೇ ಇರುತ್ತವೆ. ಅಣಬೆಯನ್ನು ಕಾಡಿನ ಪೂರ್ವಕ್ಕಿರುವ ಮಾಟಗಾತಿಯ ಗುಡಿಸಲಿಗೆ ಒಯ್ಯಿ. ಅವಳು ಅದನ್ನು ಕಡಾಯಿಗೆ ಹಾಕಿ ಪುಡಿ ಮಾಡಿಕೊಡುತ್ತಾಳೆ. ಪುಡಿಯನ್ನು ಎಕ್ಸ್ ಅಥವಾ ವೈ ಗುಂಡಿಗೆ ಹಾಕಿಕೋ, ರಕೂನ್ ಪಕ್ಕಕ್ಕೇ ಹೋಗಿ ಎರಚು. ಪುಡಿ ಒಂದು ಹೆಜ್ಜೆಗಿಂತ ದೂರ ಬೀಳುವುದಿಲ್ಲ, ದೂರದಿಂದ ಎರಚಿ ಪುಡಿ ಖಾಲಿ ಮಾಡಿಕೊಳ್ಳುವವರೇ ಜಾಸ್ತಿ. ಅದು ಚೆಂಡಿನಂತೆ ಪುಟಿದಾಡಿ ಕೊನೆಗೆ ಯಾರಾಗಿ ನಿಲ್ಲುತ್ತದೆ ಅನ್ನುವುದನ್ನು ನೀನೇ ನೋಡು. ಉತ್ತರಕ್ಕೆ ಹೋದರೆ ಪೆಟ್ಟಿಗೆಯಲ್ಲಿ ಮೊದಲ ಗುಹೆಯ ಕೀಲಿ ಇದೆ. ಗುಹೆ ಇರುವುದು ಲಿಂಕ್ ಶುರುವಿನಲ್ಲಿರುವ ಮೇಬ್ ಊರಿನ ದಕ್ಷಿಣಕ್ಕೆ. ಉಳಿದ ಪುಡಿ ಅಲ್ಲಿ ದೀಪ ಹೊತ್ತಿಸಲು ಬೇಕಾಗುತ್ತದೆ.

ಆ ಗುಹೆಯಲ್ಲಿ ಬೆನ್ನ ಮೇಲೆ ಮುಳ್ಳಿರುವ ಜೀರುಂಡೆ ಬರುತ್ತದೆ. ಆರ್ ಒತ್ತಿ ಗುರಾಣಿ ಹಿಡಿ, ಬಂದು ಗುದ್ದಿದಾಗ ಅದೇ ಮಗುಚಿಕೊಳ್ಳುತ್ತದೆ, ಆಗ ಹೊಡೆ.

ಪ್ರ: ಊರಿನ ಕ್ರೇನ್ ಆಟದಲ್ಲಿ ಯೋಶಿ ಬೊಂಬೆ ಬೇಕೇ ಬೇಕಾ? ನನ್ನ ದುಡ್ಡೆಲ್ಲ ಅಲ್ಲೇ ಹೋಯ್ತು. (ಓದುಗ, ಕುಮಟಾ)

ಉ: ಬೇಕೇ ಬೇಕು. ಒಂದು ಆಟಕ್ಕೆ 10 ರೂಪೀ (ಆಟದೊಳಗಿನ ದುಡ್ಡು) ಕೇಳುವ ಈ ಅಂಗಡಿಯಿಂದಲೇ ಇಡೀ ದ್ವೀಪವನ್ನು ಸುತ್ತುವ ಕೊಡು-ಕೊಳ್ಳು ಶುರುವಾಗುವುದು. ಬೊಂಬೆಯನ್ನು ಊರಿನ ನಾಲ್ಕು ಮಕ್ಕಳ ತಾಯಿಗೆ ಕೊಟ್ಟರೆ ರಿಬ್ಬನ್ ಸಿಗುತ್ತದೆ. ರಿಬ್ಬನ್ನು ಪುಟ್ಟ ಸರಪಳಿ ನಾಯಿಗೆ, ಅದು ಕೊಡುವ ನಾಯಿ ಊಟದ ಡಬ್ಬಿ ಕಡಲತಡಿಯ ಮೊಸಳೆಗೆ, ಮೊಸಳೆಯ ಬಾಳೆಹಣ್ಣು ಕೆನಲೆಟ್ ಕೋಟೆಯ ಹತ್ತಿರದ ಕೋತಿಗೆ. ಕೋತಿಗಳು ಸೇರಿ ಸೇತುವೆ ಕಟ್ಟಿಕೊಟ್ಟು ಒಂದು ಕೋಲು ಬಿಟ್ಟು ಹೋಗುತ್ತವೆ. ಆ ಕೋಲನ್ನು ಜೇನುಗೂಡಿನ ಕೆಳಗೆ ನಿಂತಿರುವ ಟ್ಯಾರಿನ್ ಎಂಬವನಿಗೆ ಕೊಡಿ. ಆಮೇಲೇನಾಗುತ್ತದೆಂದು ಹೇಳಿದರೆ ಮಜಾ ಹೋಗುತ್ತದೆ. ಕೈಗೆ ಬಂದ ಜೇನುಹುಟ್ಟನ್ನು ಪ್ರಾಣಿಗಳ ಊರಿನ ಅಡುಗೆ ಕರಡಿಗೆ ಮುಟ್ಟಿಸಿ. ಸರಣಿ ಇನ್ನೂ ಉದ್ದವಿದೆ, ಕೊನೆಗೆ ಸಿಗುವುದು ಒಂದು ಭೂತಗನ್ನಡಿ. ಅದಿಲ್ಲದೆ ಆಟದ ಕೊನೆಯ ದಾರಿ ತಿಳಿಯುವುದಿಲ್ಲ, ಆದ್ದರಿಂದ ಯಾರ ಕೈಗೆ ಏನು ಕೊಟ್ಟಿರಿ ಎಂದು ಒಂದು ಹಾಳೆಯಲ್ಲಿ ಬರೆದಿಡಿ.

ಇನ್ನು ಬೊಂಬೆ ಎತ್ತುವ ಕ್ರೇನ್. ಅದು ಮೊದಲು ಅಡ್ಡಕ್ಕೆ, ಆಮೇಲೆ ಒಳಕ್ಕೆ ಚಲಿಸುತ್ತದೆ. ಗುರಿ ದಾಟಿ ಹೋದರೆ ಆ ಆಟ ಕಳೆದಂತೆಯೇ ಲೆಕ್ಕ. ಕಣ್ಣು ಕ್ರೇನಿನ ಮೇಲೆ ಇರಬಾರದು, ನೆಲದ ಮೇಲಿನ ಅದರ ನೆರಳಿನ ಮೇಲೆ ಇರಬೇಕು. ನಮ್ಮ ನೋಟ ಓರೆಯಾಗಿರುವುದರಿಂದ ಕ್ರೇನ್ ಬೊಂಬೆಯ ಮೇಲಿದ್ದಂತೆ ಕಂಡಾಗ ನಿಜವಾಗಿ ಆಚೆಯೋ ಈಚೆಯೋ ಇರುತ್ತದೆ. ನೆರಳಿನ ನಡು ಬೊಂಬೆಯ ನಡುವಿಗೆ ಕೂಡಿದಾಗ ಬೆರಳು ಬಿಡಿ. ಈ ಆವೃತ್ತಿಯಲ್ಲಿ ವಸ್ತುಗಳಿಗೆ ನಿಜವಾದ ತೂಕ, ಆಕಾರ ಇವೆ, ಓರೆಯಾಗಿ ಹಿಡಿದದ್ದು ಅರ್ಧ ದಾರಿಯಲ್ಲಿ ಜಾರುತ್ತದೆ.

ಪ್ರ: ಎರಡನೇ ಗುಹೆಯಲ್ಲಿ ಉದ್ದ ಕಿವಿಯ ಮೊಲದಂಥ ಪ್ರಾಣಿ ಸಾಯೋದೇ ಇಲ್ಲ. ಬೇರೆಯವನ್ನೆಲ್ಲ ಕೊಂದರೂ ಪೆಟ್ಟಿಗೆ ಬರಲ್ಲ. (ಏಳನೇ ಕ್ಲಾಸ್ ಹುಡುಗ, ಬಳ್ಳಾರಿ)

ಉ: ಅದರ ಹೆಸರು ಪೋಲ್ಸ್ ವಾಯ್ಸ್. ಕತ್ತಿಗೆ ಅದು ಜಗ್ಗುವುದಿಲ್ಲ. ಆ ಗುಹೆಯಲ್ಲೇ ಸಿಗುವ ಬಲದ ಕಡಗದಿಂದ ಮಡಕೆ ಎತ್ತಿ ಅದರ ಮೇಲೆ ಎಸೆ, ಒಂದೇ ಏಟು ಸಾಕು. ಮಡಕೆ ಮುಗಿದಿದ್ದರೆ ಬಾಂಬ್ ಕೂಡ ನಡೆಯುತ್ತದೆ.

ಆದರೆ ಆ ಕೋಣೆಯಲ್ಲಿ ಕೊಂದರೆ ಸಾಲದು, ಸರದಿಯೂ ಸರಿ ಇರಬೇಕು: ಮೊದಲು ಮೊಲ, ನಂತರ ಬಾವಲಿ, ಕೊನೆಗೆ ಅಸ್ಥಿಪಂಜರ. ಗುಹೆಯೊಳಗಿನ ಕಲ್ಲಿನ ಗೂಬೆಯೊಂದು ಮೊದಲು ಯಾರು, ಕೊನೆಗೆ ಯಾರು ಎಂದು ಹೇಳಿರುತ್ತದೆ, ಅವಸರದಲ್ಲಿ ಗುಂಡಿ ಒತ್ತಿ ದಾಟಿರುತ್ತೀಯ. ಬಾವಲಿ ಕತ್ತಿಗೆ ತಾನಾಗಿಯೇ ಬಂದು ಸಿಕ್ಕಿ ಸರದಿ ಕೆಡುವುದು ಸಾಮಾನ್ಯ, ಆದ್ದರಿಂದ ಮೊಲ ಸಾಯುವವರೆಗೆ ಕತ್ತಿ ಬೀಸಲೇಬೇಡ. ಸರದಿ ತಪ್ಪಿದರೆ ಕೋಣೆಯಿಂದ ಹೊರಗೆ ಹೋಗಿ ಬಾ, ಮೂರೂ ಮತ್ತೆ ಹುಟ್ಟಿರುತ್ತವೆ.

ಮುಂದಿನ ಬಾಟಲಿ ಭೂತಕ್ಕೂ ಅದೇ ಕಡಗ ಬೇಕು. ಬಾಟಲಿಯೊಳಗೆ ಹೊಕ್ಕಾಗ ಕತ್ತಿಯಿಂದ ಹೊಡೆದು ಅದನ್ನು ನಿಲ್ಲಿಸಿ, ಎತ್ತಿ ಗೋಡೆಗೆ ಎಸೆಯಬೇಕು. ಮೂರು ಸಲ ಎಸೆದರೆ ಬಾಟಲಿ ಒಡೆಯುತ್ತದೆ.

ಪ್ರ: ಅಂಗಡಿಯಲ್ಲಿ ಬಿಲ್ಲಿಗೆ 980 ರೂಪೀ ಕೇಳ್ತಾನೆ. ತಮ್ಮ ಅವನ ಕಣ್ಣು ತಪ್ಪಿಸಿ ಎತ್ತಿಕೊಂಡು ಓಡಿದ. ಈಗ ಆಟದಲ್ಲಿ ಎಲ್ಲರೂ ‘ಕಳ್ಳ’ ಅಂತಾನೇ ಕರೀತಾರೆ. ಸರಿ ಮಾಡೋದು ಹೇಗೆ? (ಓದುಗರು, ತುಮಕೂರು)

ಉ: ಆ ಕಡತದಲ್ಲಿ (ಸೇವ್ ಫೈಲ್) ಸರಿ ಮಾಡಲು ಬರುವುದಿಲ್ಲ. ಕದ್ದ ಕ್ಷಣದಿಂದ ಲಿಂಕ್‌ಗೆ ನೀವಿಟ್ಟ ಹೆಸರು ಹೋಗಿ ಆ ಹೆಸರೇ ಕೊನೆತನಕ ನಿಲ್ಲುತ್ತದೆ. ಮತ್ತೆ ಆ ಅಂಗಡಿಗೆ ಕಾಲಿಟ್ಟರೆ ಅಂಗಡಿಯವನು ಸಿಡಿಲು ಬಿಟ್ಟು ಕೊಲ್ಲುತ್ತಾನೆ. ಒಂದು ಸಲ ಸತ್ತ ಮೇಲೆ ವ್ಯಾಪಾರ ಮಾಡಬಹುದು, ಹೆಸರು ಮಾತ್ರ ಅದೇ. ಸಾಯದೆ ಆಟ ಮುಗಿಸಿದವರಿಗೆ ಸಿಗುವ ಕೊನೆಯ ದೃಶ್ಯವೂ ಇದರಿಂದ ಕೈತಪ್ಪುತ್ತದೆ. ತಮ್ಮ ಇನ್ನೂ ಆರಂಭದಲ್ಲೇ ಇದ್ದರೆ ಹೊಸ ಕಡತ ಶುರು ಮಾಡಲಿ.

ದುಡ್ಡು ಕೂಡಿಸುವವರು ಮೊದಲು 200 ರೂಪೀಯ ಸಲಿಕೆ ಕೊಳ್ಳಲಿ. ನೆಲ ಅಗೆದರೆ ಆಗಾಗ ರೂಪೀ ಸಿಗುತ್ತದೆ, ಹೂತಿಟ್ಟ ಗುಟ್ಟಿನ ಚಿಪ್ಪುಗಳೂ ಸಿಗುತ್ತವೆ. ದ್ವೀಪದಲ್ಲಿ ಒಟ್ಟು 50 ಚಿಪ್ಪುಗಳಿವೆ. ಚಿಪ್ಪಿನ ಬಂಗಲೆಯಲ್ಲಿ 15 ತೋರಿಸಿದರೆ ಹತ್ತಿರ ಚಿಪ್ಪು ಬಂದಾಗ ಸದ್ದು ಮಾಡುವ ಸಾಧನ ಕೊಡುತ್ತಾರೆ, 40 ತೋರಿಸಿದರೆ ಹೆಚ್ಚು ಬಲದ ಕತ್ತಿ. ಬಿಲ್ಲಿಗಿಂತ ಆ ಕತ್ತಿಯ ಹಿಂದೆ ಬೀಳುವುದೇ ಲಾಭ ಎಂದು ನಮ್ಮ ಅಭಿಪ್ರಾಯ.

ಪ್ರ: ಮರುಭೂಮಿಗೆ ಹೋಗೋ ದಾರಿಯಲ್ಲಿ ಒಂದು ದಪ್ಪ ಕಡಲ ಪ್ರಾಣಿ ಅಡ್ಡ ಮಲಗಿದೆ. (ಓದುಗ, ಮಡಿಕೇರಿ)

ಉ: ಅದು ವಾಲ್ರಸ್. ಅದನ್ನು ಎಬ್ಬಿಸುವುದು ಮೇಬ್ ಊರಿನ ಹುಡುಗಿ ಮೇರಿನ್‌ಳ ಹಾಡು ಮಾತ್ರ. ಮೂರನೇ ಗುಹೆ ಮುಗಿಸಿ, ಕೊಡು-ಕೊಳ್ಳು ಸರಣಿಯನ್ನೂ ಮುಂದುವರಿಸಿ, ಅವಳನ್ನು ಕಡಲತಡಿಯಲ್ಲಿ ಹುಡುಕಿ. ಮಾತಾಡಿಸಿದರೆ ಜೊತೆಗೆ ಬರುತ್ತಾಳೆ. ಅವಳು ಜೊತೆಗಿರುವಾಗ ಅವಸರ ಬೇಡ. ಕ್ರೇನ್ ಅಂಗಡಿಗೆ ಕರೆದುಕೊಂಡು ಹೋಗಿ, ಕೋಳಿಗೆ ಹೊಡೆದು ನೋಡಿ, ಒಂದೊಂದು ಕಡೆ ಒಂದೊಂದು ಮಾತು ಹೇಳುತ್ತಾಳೆ. ಮರುಭೂಮಿಯಲ್ಲಿ ಮರಳಿನ ಹುಳುವನ್ನು ಗೆದ್ದಾಗ ಕೀಲಿ ಮರಳಿನ ಸುಳಿಯೊಳಗೆ ಜಾರಿ ಹೋಗುತ್ತದೆ. ಕಳೆದುಹೋಯಿತೆಂದು ಅನೇಕರು ಆಟ ನಿಲ್ಲಿಸುತ್ತಾರೆ. ನೀವೂ ಸುಳಿಗೆ ಇಳಿಯಿರಿ, ಕೆಳಗಿನ ಗುಹೆಯಲ್ಲಿ ಅದು ಬಿದ್ದಿರುತ್ತದೆ.

ಇಂಥ ಕಡೆ ದಿಕ್ಕು ತೋಚದಿದ್ದರೆ ಅಲ್ಲಲ್ಲಿ ಕಾಣುವ ಫೋನ್ ಗುಡಿಸಲಿಗೆ ಹೋಗಿ ಉಲ್ರಿರಾ ಅಜ್ಜನಿಗೆ ಫೋನ್ ಮಾಡಿ, ಮುಂದೇನು ಎಂದು ಸುಳಿವು ಕೊಡುತ್ತಾನೆ. ಮನೆಗೇ ಹೋಗಿ ಕೇಳಿದರೆ ನಾಚಿಕೊಂಡು ಫೋನ್ ಮಾಡಲು ಹೇಳುವ ಅಜ್ಜ ಅವನು.

ಪ್ರ: ಊರಿನಿಂದ ಹೊರಗೆ ಕಾಲಿಟ್ಟಾಗ ಚಿತ್ರ ತುಸು ತಡವರಿಸುತ್ತದೆ. ಯಂತ್ರ ಕೆಟ್ಟಿದೆಯಾ? ಬಾಣದ ಗುಂಡಿಗಳಿಂದ ಲಿಂಕ್ ನಡೆಯುವುದೂ ಇಲ್ಲ. (ಓದುಗರು, ದುಬೈ)

ಉ: ಎರಡೂ ಕೆಟ್ಟಿಲ್ಲ. ಹೊಸ ಪ್ರದೇಶ ತೆರೆದುಕೊಳ್ಳುವಾಗ ಈ ಆಟ ಮೊದಲ ತಲೆಮಾರಿನ ಎಲ್ಲ ಸ್ವಿಚ್‌ಗಳಲ್ಲೂ ಕ್ಷಣಕಾಲ ನಿಧಾನವಾಗುತ್ತದೆ. ನಡಿಗೆಯನ್ನು ಎಡಗಡೆಯ ಕೋಲಿಗೆ (ಸ್ಟಿಕ್) ಮಾತ್ರ ಕೊಟ್ಟಿದ್ದಾರೆ.

ಪ್ರ: ಎಂಟು ವಾದ್ಯವೂ ಕೈಯಲ್ಲಿವೆ, ಮೊಟ್ಟೆ ಒಡೆಯುತ್ತಿಲ್ಲ. ಗೆಳತಿಗೆ ಒಡೆಯಿತು, ಒಳಗೆ ಮಾತ್ರ ಒಂದೇ ಕೋಣೆ ಮತ್ತೆ ಮತ್ತೆ ಬರುತ್ತದಂತೆ. (ಓದುಗಿ, ಹಾಸನ)

ಉ: ವಾದ್ಯಗಳ ಜೊತೆಗೆ ಒಕರೀನಾ ಎಂಬ ಊದುವ ವಾದ್ಯವೂ, ಮೇರಿನ್ ಕಲಿಸುವ ಗಾಳಿಮೀನಿನ ಹಾಡೂ ಬೇಕು. ಒಕರೀನಾ ಮೇಬ್ ಊರಿನ ಕನಸಿನ ಗುಡಿಯಲ್ಲಿದೆ. ಬಾಗಿಲ ಮುಂದಿನ ಕಲ್ಲುಗಳನ್ನು ಕಡಗದಿಂದ ಎತ್ತಿ ಒಳಗೆ ಹೋಗಿ ಹಾಸಿಗೆ ಮೇಲೆ ಮಲಗಿದರೆ ಕನಸಿನೊಳಗೆ ಸಿಗುತ್ತದೆ. ಮೊಟ್ಟೆಯ ಮುಂದೆ ನಿಂತು ಆ ಹಾಡನ್ನೇ ನುಡಿಸಿ.

ನಿಮ್ಮ ಗೆಳತಿಗೆ ಬೇಕಾದದ್ದು ಭೂತಗನ್ನಡಿ. ಅದನ್ನು ಪಡೆದ ಮೇಲೆ ಮೇಬ್ ಊರಿನ ಗ್ರಂಥಾಲಯದಲ್ಲಿ, ಅಕ್ಷರ ತೀರ ಸಣ್ಣದೆಂದು ಮೊದಲು ಓದಲಾಗದ ಪುಸ್ತಕವನ್ನು ಬಿಚ್ಚಲಿ. ಎಡಕ್ಕೆ, ಬಲಕ್ಕೆ, ಮೇಲಕ್ಕೆ ಎಂದು ಬಾಣದ ಗುರುತುಗಳಿರುತ್ತವೆ, ಅವನ್ನು ಕಾಗದಕ್ಕೆ ಇಳಿಸಿಕೊಳ್ಳಲಿ. ಒಬ್ಬರ ದಾರಿ ಇನ್ನೊಬ್ಬರ ಕಡತಕ್ಕೆ ಹೊಂದಬೇಕೆಂದಿಲ್ಲ, ನಿಮ್ಮದು ನೋಡಿ ಅವರು ನಡೆದರೆ ಸಿಕ್ಕಿಹಾಕಿಕೊಳ್ಳಬಹುದು. ಒಂದು ತಿರುವು ತಪ್ಪಿದರೂ ಕೋಣೆ ಮುಗಿಯುವುದಿಲ್ಲ. ಹೊರಗೆ ಬಂದು ಮೊದಲ ಬಾಣದಿಂದ ಎಣಿಸಬೇಕು.

ಪ್ರ: ಆಟ ಮುಗಿಸಿದ ಮಗಳು ಅತ್ತುಬಿಟ್ಟಳು. ದ್ವೀಪವೇ ಮಾಯವಾಯಿತಂತೆ, ಮೇರಿನ್ ಏನಾದಳು ಎಂದು ಕೇಳುತ್ತಿದ್ದಾಳೆ. (ತಾಯಿ, ಮೈಸೂರು)

ಉ: ದ್ವೀಪ ಗಾಳಿಮೀನಿನ ಕನಸು, ಅದು ಎಚ್ಚೆತ್ತಾಗ ಕನಸು ಕರಗಲೇಬೇಕು. ಆಟ ಇದನ್ನು ಮುಚ್ಚಿಟ್ಟಿರಲಿಲ್ಲ. ಆರನೇ ಗುಹೆಗೆ ಹೋಗುವ ಮೊದಲೇ ದಕ್ಷಿಣದ ಮುಖಗುಡಿಯ ಗೋಡೆಯ ಮೇಲೆ ಕೆತ್ತಿಟ್ಟಿದೆ. ಮಗಳ ಜೊತೆ ಅಲ್ಲಿಗೆ ಹೋಗಿ ಓದಿ ಹೇಳಿ, ಮೋಸ ಮಾಡಿದರು ಎಂಬ ಕೋಪ ಹೋಗುತ್ತದೆ. ದುಃಖ ಇರಲಿ ಬಿಡಿ, ಕಥೆಯೊಂದನ್ನು ಪ್ರೀತಿಸಿದ್ದಕ್ಕೆ ಬಂದ ದುಃಖ ಅದು.

ಮೇರಿನ್ ಬಗ್ಗೆ ಆಟ ಒಂದು ಉತ್ತರ ಇಟ್ಟಿದೆ. ಕಡಲತಡಿಯಲ್ಲಿ ಕೂತಾಗ ಅವಳು, ತಾನು ಕಡಲಹಕ್ಕಿಯಾಗಿದ್ದರೆ ದೂರ ದೂರ ಹಾರಿ ಹೋಗಿ ಹಾಡುತ್ತಿದ್ದೆ ಎನ್ನುತ್ತಾಳೆ. ಒಂದು ಸಲವೂ ಸಾಯದೆ ಆಟ ಮುಗಿಸಿದವರಿಗೆ ಕೊನೆಯಲ್ಲಿ ಆ ಮಾತಿಗೆ ಹೊಂದುವ ದೃಶ್ಯವೊಂದು ಕಾಣುತ್ತದೆ. ಅದನ್ನು ನೋಡಲು ಮಗಳು ಹೊಸ ಕಡತ ಶುರು ಮಾಡಬೇಕು. ಗುಹೆಗೆ ಇಳಿಯುವ ಮುಂಚೆ ಪ್ರತಿ ಸಲ ಕೈಯಾರೆ ಸೇವ್ ಮಾಡಿಕೊಳ್ಳಲಿ, ಪ್ರಾಣ ಒಂದೇ ಹೃದಯಕ್ಕೆ ಇಳಿದರೆ ಸಾಯುವ ಮೊದಲೇ ಆ ಸೇವ್‌ಗೆ ಮರಳಲಿ. ಬಾಟಲಿ ಸಿಕ್ಕ ಮೇಲೆ ಅದರಲ್ಲಿ ಪ್ರಾಣ ತುಂಬುವ ಪುಟ್ಟ ಕಿನ್ನರಿ, ಅಂದರೆ ಒಂದು ಫೇರಿಯನ್ನು ಹಿಡಿದಿಟ್ಟುಕೊಳ್ಳಲಿ.