ಓದುಗರ ಪ್ರಶ್ನೆ: ಆಮ್‌ವೇ ಕುಟುಂಬದ ರಾಜಕೀಯ

ಪ್ರಶ್ನೆ: ಸೋಪು ಮಾರುವ ಆಮ್‌ವೇ ಮಾಲೀಕರಿಗೆ ಅಮೆರಿಕದ ರಾಜಕೀಯದಲ್ಲಿ ಪ್ರಭಾವವಿದೆಯಂತೆ. ದೇಣಿಗೆ ಲೆಕ್ಕ ನಾವೇ ನೋಡಬಹುದೇ?

ಉತ್ತರ: ನೋಡಬಹುದು. 1959ರಲ್ಲಿ ಮಿಷಿಗನ್‌ನಲ್ಲಿ ಶುರುವಾದ ಈ ಕಂಪನಿ ಈಗಲೂ ಡಿವೋಸ್, ವ್ಯಾನ್ ಆಂಡೆಲ್ ಕುಟುಂಬಗಳದ್ದೇ. ಡಿವೋಸ್ ಕುಟುಂಬದ ಸೊಸೆ ಬೆಟ್ಸಿ 2017ರಲ್ಲಿ ಅಮೆರಿಕದ ಶಿಕ್ಷಣ ಕಾರ್ಯದರ್ಶಿಯಾದರು (ನಮ್ಮಲ್ಲಿನ ಶಿಕ್ಷಣ ಸಚಿವರಿದ್ದಂತೆ). ಆ ನೇಮಕ ಒಪ್ಪಲು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಮತ 50-50 ಆದಾಗ ಉಪಾಧ್ಯಕ್ಷ ಪೆನ್ಸ್ ಮತ ಹಾಕಬೇಕಾಯಿತು. ಸಂಪುಟದ ನೇಮಕಕ್ಕೆ ಹಾಗಾದದ್ದು ಅದೇ ಮೊದಲು.

ಅಮೆರಿಕದ ಫೆಡರಲ್ (ಕೇಂದ್ರ) ಚುನಾವಣಾ ಆಯೋಗದ ಜಾಲತಾಣದಲ್ಲಿ ‘ವೈಯಕ್ತಿಕ ದೇಣಿಗೆ’ ವಿಭಾಗ ತೆರೆಯಿರಿ. ಕಂಪನಿ ಹೆಸರು ಹಾಕಿದರೆ ಮೋಸ ಹೋಗುತ್ತೀರಿ: ಕಂಪನಿಗಳು ಫೆಡರಲ್ ಅಭ್ಯರ್ಥಿಗೆ ನೇರ ಹಣ ಕೊಡುವಂತಿಲ್ಲ. ಕುಟುಂಬದ ಹೆಸರು, ರಾಜ್ಯ, ವರ್ಷ ಹಾಕಿ. ಗಂಡ, ಹೆಂಡತಿ, ಮಕ್ಕಳನ್ನು ಬೇರೆಬೇರೆಯಾಗಿ ಕೂಡಿಸಿ. ಚುನಾವಣೆಗೆ ಹಣ ಸಂಗ್ರಹಿಸುವ ಒಂದು ಸಮಿತಿಗೆ ಒಟ್ಟು 200 ಡಾಲರ್ ಮೀರಿದವರ ಹೆಸರು ಬಂದೇ ಬರುತ್ತದೆ. ರಾಜ್ಯ ಚುನಾವಣೆಯ ಹಣಕ್ಕೆ ಮಾತ್ರ ಮಿಷಿಗನ್‌ನ ದಾಖಲೆಗಳನ್ನೇ ತಡಕಬೇಕು.