ಹಳೆಯ ಗಾಳದ ರೀಲು: ಉಜ್ಜುವ ಮೊದಲು ತಿರುಪು ನೋಡಿ

ಪ್ರಶ್ನೆ: ಹರಾಜೊಂದರಲ್ಲಿ ಮೀನು ಹಿಡಿಯುವ ಗಾಳಕ್ಕೆ ಜೋಡಿಸುವ ಹಿತ್ತಾಳೆಯ ಹಳೆಯ ರೀಲನ್ನು ಕೊಂಡಿದ್ದೇನೆ. ಅದರ ಮೇಲೆ ‘ಮೀಕ್’ ಎಂಬ ಹೆಸರಿದೆ. ಇದು ಕೈಯಲ್ಲೇ ತಯಾರಾದದ್ದೆಂದು ತಿಳಿಯುವುದು ಹೇಗೆ? ಕಪ್ಪಾಗಿರುವುದರಿಂದ ಪಾಲಿಶ್ ಮಾಡಿಸಬಹುದೆ?

ಉತ್ತರ: ಪಾಲಿಶ್ ಮಾಡಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ದಶಕಗಳಿಂದ ಲೋಹದ ಮೇಲೆ ಕೂತ ಕಂದು ಛಾಯೆಯೇ ರೀಲಿನ ವಯಸ್ಸಿಗೆ ಸಾಕ್ಷಿ. ಉಜ್ಜಿದರೆ ಅದರೊಂದಿಗೆ ತೆಳುವಾಗಿ ಕೆತ್ತಿದ ಅಕ್ಷರಗಳೂ ಸವೆದುಹೋಗುತ್ತವೆ. ಹಸಿರು ಕಿಲುಬು ಕಟ್ಟಿದ್ದರೆ ಮಾತ್ರ ಮೃದುವಾದ ಬಟ್ಟೆಗೆ ತುಸು ಎಣ್ಣೆ ಹಚ್ಚಿ ನಿಧಾನವಾಗಿ ಒರೆಸಿ.

ಇನ್ನು ಹೆಸರಿನ ವಿಚಾರ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕರು, ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರದ ಉರುಳೆ ಹಲವು ಸುತ್ತು ತಿರುಗುವಂತಹ ಹಲ್ಲುಚಕ್ರದ ರೀಲನ್ನು ಮಾಡಿದರು. ಅದೇ ಸೀಮೆಯ ಮೀಕ್ ಸಹೋದರರೂ ಬೆಂಜಮಿನ್ ಮೈಲಮ್ ಅವರೂ ಆ ಪರಂಪರೆಯನ್ನು ಮುಂದುವರಿಸಿದರು. ಆದರೆ 1916ರಲ್ಲಿ ಹಾರ್ಟನ್ ಕಂಪನಿಯು ಮೀಕ್ ಉದ್ಯಮವನ್ನು ಕೊಂಡು, ಅದೇ ಹೆಸರಿನಲ್ಲಿ ಕಾರ್ಖಾನೆಯ ರೀಲುಗಳನ್ನು ಹೊರತಂದಿತು. ಆದ್ದರಿಂದ ಬರಿಯ ಹೆಸರನ್ನು ನಂಬಿ ಹೆಚ್ಚು ಬೆಲೆ ಕೊಡುವುದು ಜಾಣತನವಲ್ಲ. ಮಾರುವವರು ಒತ್ತಿ ಹೇಳುವುದು ಮಾತ್ರ ಸಾಮಾನ್ಯವಾಗಿ ಹೆಸರನ್ನೇ.

ಹೆಸರಿಗಿಂತ ನಂಬಿಕೆಗೆ ಅರ್ಹವಾದದ್ದು ತಿರುಪು. ಭೂತಗನ್ನಡಿ ಹಿಡಿದು ಪಕ್ಕದ ತಟ್ಟೆಯ ಅಂಚನ್ನು ನೋಡಿ. ಕುಶಲಕರ್ಮಿಯು ಒಂದೊಂದು ತಿರುಪನ್ನೂ ಅದರದೇ ರಂಧ್ರಕ್ಕೆ ಹೊಂದಿಸಿ ಕೂರಿಸುತ್ತಿದ್ದುದರಿಂದ, ಕೆಂಟಕಿಯ ಉತ್ತಮ ರೀಲುಗಳಲ್ಲಿ ತಿರುಪಿಗೂ ರಂಧ್ರಕ್ಕೂ ಒಂದೇ ಸಂಖ್ಯೆ ಅಥವಾ ಗುರುತನ್ನು ಸಣ್ಣದಾಗಿ ಒತ್ತಿರುತ್ತಾರೆ. ಮೂರನೆಯದನ್ನು ಐದನೆಯದರ ಜಾಗದಲ್ಲಿ ಒತ್ತಾಯದಿಂದ ಬಿಗಿದರೆ ತಿರುಪಿನ ಮರೆ (ಸುರುಳಿ ಗೀರು) ಕೆಡುತ್ತದೆ, ಇಲ್ಲವೆ ತಲೆ ಮಟ್ಟಸವಾಗಿ ಕೂರುವುದಿಲ್ಲ. ತಿರುಪಿನ ತಲೆಯ ಸೀಳು ಹರಿದು ಅಗಲವಾಗಿದ್ದರೆ ಹಿಂದೆ ಯಾರೋ ಸರಿಹೊಂದದ ಸ್ಕ್ರೂಡ್ರೈವರ್‌ನಿಂದ ಬಿಚ್ಚಿದ್ದಾರೆಂದು ತಿಳಿಯಬೇಕು. ಅಂಥದರಲ್ಲಿ ಒಳಗಿನ ಭಾಗಗಳು ಬದಲಾಗಿರುವ ಸಂಭವವೂ ಉಂಟು.

ನಿಮ್ಮದನ್ನು ಸದ್ಯಕ್ಕೆ ಬಿಚ್ಚದಿರುವುದೇ ಮೇಲು. ಚರ್ಮದ ಚೀಲದಲ್ಲಿಯೂ ಇಡಬೇಡಿ: ಚರ್ಮವು ತೇವವನ್ನು ಹಿಡಿದಿಟ್ಟುಕೊಂಡು ಹಿತ್ತಾಳೆಗೆ ಕಿಲುಬು ಹಿಡಿಸುತ್ತದೆ. ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡುವ ಪೆಟ್ಟಿಗೆಯಲ್ಲಿಟ್ಟರೆ ಸಾಕು.