ಮೊದಲ ಕಾರಿಗೆ ಸೈಲೆನ್ಸರ್: ರೇಸ್ ಕೊಟ್ಟಾಗಿನ ಸದ್ದು ಕೇಳಿ ತಗೊಳ್ಳಬೇಡಿ

ನಿಮ್ಮ ಪ್ರಶ್ನೆ ಓದಿದೆ. 1.2 ಲೀಟರ್, ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್‌ನ ಹಳೆಯ ಹ್ಯಾಚ್‌ಬ್ಯಾಕ್, ನಿಮ್ಮ ಮೊದಲ ಕಾರು. ಹಿಂದಿನ ಸೈಲೆನ್ಸರ್ ತುಕ್ಕು ಹಿಡಿದು ತೂತಾಗಿದೆ. ಹೇಗೂ ಬದಲಿಸಬೇಕು, ಕಂಪನಿಯದ್ದೇ ಹಾಕಿಸೋದಾ, ಇಲ್ಲ ಸ್ವಲ್ಪ ಗತ್ತಿನ ಸದ್ದು ಬರುವಂಥದ್ದು ಹಾಕಿಸೋದಾ, ಪಿಕಪ್ ಏನಾದ್ರೂ ಜಾಸ್ತಿ ಆಗುತ್ತಾ ಅಂತ ಕೇಳಿದ್ದೀರಿ. ದಿನಾ ಹೆದ್ದಾರಿಯಲ್ಲಿ ಓಡಾಟ ಇದೆ ಅಂತಲೂ ಬರೆದಿದ್ದೀರಿ. ನನಗೆ ಆ ಕೊನೆಯ ಮಾತೇ ಮುಖ್ಯ.

ಪಿಕಪ್ ವಿಷಯ ಬೇಗ ಮುಗಿಸಿಬಿಡ್ತೀನಿ. ಹಿಂದಿನ ಡಬ್ಬಿ, ಅಂದರೆ ಸೈಲೆನ್ಸರ್ ಒಂದನ್ನೇ ಬದಲಿಸಿದರೆ ಈ ಎಂಜಿನ್‌ನಲ್ಲಿ ಗೊತ್ತಾಗುವಷ್ಟು ಪವರ್ ಬರಲ್ಲ. ಸದ್ದು ಜೋರಾದಾಗ ಕಾರು ಜೋರಾಗಿ ಎಳೆಯುತ್ತಿದೆ ಅನ್ನಿಸುತ್ತೆ, ಅಷ್ಟೇ. ದೊಡ್ಡ ಪೈಪ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಚಿಕ್ಕ ಎಂಜಿನ್‌ಗೆ ಪೈಪ್ ತೀರಾ ಅಗಲವಾದರೆ ಹೊಗೆಯ ವೇಗ ತಗ್ಗುತ್ತೆ, ಕೆಳಗಿನ ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ) ಎಳೆತ ಮಂದ ಆಗಬಹುದು. ಈಗಿರುವ ಅಳತೆಯನ್ನೇ ಇಟ್ಟುಕೊಳ್ಳಿ.

ದುಡ್ಡು ಕೊಡೋ ಮುಂಚೆ ನಿಜವಾಗಿ ಹೋಗಿರೋದು ಡಬ್ಬಿಯೇನಾ ಅಂತ ನೋಡಿ. ಎಷ್ಟೋ ಸಲ ಡಬ್ಬಿ ಗಟ್ಟಿಯಾಗಿಯೇ ಇರುತ್ತೆ, ಅದರ ಮುಂದಿನ ಜಾಯಿಂಟ್ ಅಥವಾ ಅದರ ನಡುವೆ ಸೀಲ್ ಆಗಿ ಕೂರುವ ಗ್ಯಾಸ್ಕೆಟ್ ಹೋಗಿರುತ್ತೆ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಬಯಲಲ್ಲಿ, ಹ್ಯಾಂಡ್ ಬ್ರೇಕ್ ಎಳೆದು ಸ್ಟಾರ್ಟ್ ಮಾಡಿ. ಇನ್ನೊಬ್ಬರು ದಪ್ಪ ಗ್ಲೌಸ್ ಹಾಕಿಕೊಂಡು ಬಟ್ಟೆಯಿಂದ ಬಾಲದ ಪೈಪನ್ನು ಎರಡು ಮೂರು ಸೆಕೆಂಡ್ ಒತ್ತಿ ಹಿಡಿಯಲಿ. ಎಲ್ಲಿ ಲೀಕ್ ಇದೆಯೋ ಅಲ್ಲಿ ಬುಸ್ ಅಂತ ಕೇಳುತ್ತೆ. ಜಾಯಿಂಟ್ ಸುತ್ತ ಕಪ್ಪು ಮಸಿ ಹಿಡಿದಿದ್ದರೂ ಅದೇ ಗುರುತು. ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ) ಹತ್ತಿರ ಲೀಕ್ ಇದ್ದರೆ ಅದನ್ನೇ ಮೊದಲು ಸರಿಮಾಡಿಸಿ. ಅಲ್ಲಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಂಡರೆ ಸೆನ್ಸರ್ ತಪ್ಪು ಲೆಕ್ಕ ಕೊಡುತ್ತೆ, ಎಂಜಿನ್ ಸುಮ್ನೆ ಜಾಸ್ತಿ ಪೆಟ್ರೋಲ್ ಕುಡಿಯುತ್ತೆ.

ಈಗ ಸದ್ದಿನ ವಿಷಯ. ಅಂಗಡಿಯಲ್ಲಿ ಮುಖ್ಯವಾಗಿ ಎರಡು ಜಾತಿ ಸಿಗುತ್ತವೆ. ಒಂದರಲ್ಲಿ ಒಳಗೆ ಕೋಣೆಗಳಿರುತ್ತವೆ. ಸದ್ದು ಗೋಡೆಗೆ ಬಡಿದು ವಾಪಸ್ ಬಂದು ತನ್ನನ್ನು ತಾನೇ ಕಡಿಮೆ ಮಾಡಿಕೊಳ್ಳುತ್ತೆ. ಇನ್ನೊಂದು ನೇರ ಕೊಳವೆಯದ್ದು. ತೂತು ತೂತಾದ ಕೊಳವೆ, ಅದರ ಸುತ್ತ ಗ್ಲಾಸ್ ವೂಲ್ ಅಥವಾ ಸ್ಟೀಲ್ ವೂಲ್ ತುಂಬಿರುತ್ತಾರೆ. ಇದು ಚರಚರ ಅನ್ನುವ ತೆಳು ಸದ್ದನ್ನು ಚೆನ್ನಾಗಿ ಹೀರುತ್ತೆ. ದಪ್ಪ, ತಗ್ಗಿನ ಸದ್ದನ್ನು ಅಷ್ಟಾಗಿ ಹೀರಲ್ಲ. ವರ್ಷ ಕಳೆದಂತೆ ಒಳಗಿನ ವೂಲ್ ಸುಟ್ಟು ಉದುರುತ್ತೆ, ಸದ್ದು ಮತ್ತೂ ಏರುತ್ತೆ.

ಆ ತಗ್ಗಿನ ಸದ್ದೇ ನಿಮಗೆ ತೊಂದರೆ ಕೊಡೋದು. ಲೆಕ್ಕ ನೋಡಿ: ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತೆ, ಅಂದರೆ ಒಳಗೆ ಪೆಟ್ರೋಲ್ ಹೊತ್ತಿಕೊಳ್ಳುತ್ತೆ. 2400 ಆರ್‌ಪಿಎಂ ಅಂದರೆ ಸೆಕೆಂಡಿಗೆ 40 ಸುತ್ತು, 80 ಫೈರಿಂಗ್. 3000ಕ್ಕೆ ಹೋದರೆ 100. ಹೆದ್ದಾರಿಯಲ್ಲಿ ಟಾಪ್ ಗೇರ್‌ನಲ್ಲಿ ಹೋಗುವಾಗ ನಿಮ್ಮ ಕಾರು ಹೆಚ್ಚುಕಡಿಮೆ ಇಲ್ಲೇ ಇರುತ್ತೆ. ಕಿಟಕಿ ಹಾಕಿದ ಕಾರಿನ ಒಳಗಿನ ಗಾಳಿಯೂ ಈ ತಗ್ಗಿನ ಸದ್ದಿಗೆ ಸುಲಭವಾಗಿ ಜೊತೆಗೂಡಿ ಮೊರೆಯುತ್ತೆ. ಕಿವಿಯೊಳಗೆ ಗುಂಯ್ ಅಂತ ಒತ್ತಿದ ಹಾಗಾಗುತ್ತೆ. ಸ್ವಲ್ಪ ವೇಗ ಬದಲಿಸಿದರೆ ನಿಲ್ಲುತ್ತೆ, ಮತ್ತೆ ಅದೇ ವೇಗಕ್ಕೆ ಬಂದರೆ ಮತ್ತೆ ಶುರು. ನಿಮ್ಮದು ದಿನದ ಓಡಾಟ, ಅದೇ ವೇಗದಲ್ಲೇ ಮುಕ್ಕಾಲು ಹೊತ್ತು ಕಳೆಯುತ್ತೀರಿ ಅಲ್ವಾ? ತಲೆನೋವು ಬರುತ್ತೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಇನ್ನೂ ಜಾಸ್ತಿ.

ವಿಡಿಯೋ ನೋಡಿ ಇದನ್ನು ಅಳೆಯೋಕೆ ಆಗಲ್ಲ. ಫೋನಿನ ಚಿಕ್ಕ ಸ್ಪೀಕರ್‌ಗೆ 80 ಹರ್ಟ್ಜ್, ಅಂದರೆ ಸೆಕೆಂಡಿಗೆ 80 ಸಲ ಕಂಪಿಸುವ ಸದ್ದು ಹೊರಡಿಸುವ ಶಕ್ತಿಯೇ ಇಲ್ಲ. ನಿಂತಲ್ಲೇ ರೇಸ್ ಕೊಟ್ಟಾಗ ಬರುವ ಗರ್ಜನೆ ಮಾತ್ರ ಕೇಳುತ್ತೆ, ಅದು ಯಾವ ಡಬ್ಬಿ ಹಾಕಿದರೂ ಚೆನ್ನಾಗಿಯೇ ಕೇಳುತ್ತೆ. ಅದೇ ಎಂಜಿನ್, ಅದೇ ಸೈಲೆನ್ಸರ್ ಇರುವ ಕಾರು ಯಾರದ್ದಾದರೂ ಸಿಕ್ಕರೆ ಕಿಟಕಿ ಹಾಕಿಕೊಂಡು ನೀವು ದಿನಾ ಹೋಗುವ ವೇಗದಲ್ಲಿ ಹತ್ತು ನಿಮಿಷ ಕೂತು ಬನ್ನಿ. ಹಿಂದೆಯೂ ಕೂತು ನೋಡಿ.

ನನ್ನನ್ನು ಕೇಳಿದರೆ ನಿಮಗೆ ಕೋಣೆಯಿರುವುದೇ ಸರಿ. ಉದ್ದ, ದಪ್ಪ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ನೇರ ಕೊಳವೆಯದ್ದೇ ಬೇಕು ಅಂತ ಮನಸ್ಸಿದ್ದರೂ ಚಿಕ್ಕದನ್ನು ತಗೊಳ್ಳಬೇಡಿ, ಪೈಪಿನ ನಡುವೆ ಇರುವ ರೆಸೊನೇಟರ್ (ಸದ್ದು ತಗ್ಗಿಸುವ ಇನ್ನೊಂದು ಡಬ್ಬಿ) ಅಂತೂ ತೆಗೆಸಲೇಬೇಡಿ. ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟುವ ಮಾತೇ ಬೇಡ. ಅದನ್ನು ತೆಗೆದರೆ ವಿಷದ ಹೊಗೆ ಹಾಗೇ ಹೊರಗೆ ಬರುತ್ತೆ, ಹೊಗೆ ಪರೀಕ್ಷೆಯಲ್ಲೂ ಸಿಕ್ಕಿಬೀಳುತ್ತೀರಿ. ನೀವಿರುವ ಕಡೆಯ ಸದ್ದಿನ ಮಿತಿ ಎಷ್ಟು, ಡಬ್ಬಿಯ ಮೇಲೆ ಒಪ್ಪಿಗೆಯ ಗುರುತು ಇರಬೇಕಾ ಅಂತಲೂ ತಗೊಳ್ಳುವ ಮುಂಚೆಯೇ ವಿಚಾರಿಸಿ.

ಲೋಹದ ಬಗ್ಗೆ ಒಂದು ಮಾತು. ಅಲ್ಯೂಮಿನಿಯಂ ಲೇಪದ ಉಕ್ಕು ಅಗ್ಗ, ಆದರೆ ಗೀರು ಬಿದ್ದಲ್ಲಿ, ವೆಲ್ಡ್ ಮಾಡಿದಲ್ಲಿ ತುಕ್ಕು ಹಿಡಿಯುತ್ತೆ. 409 ಅನ್ನುವ ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಕಂದು ಬಣ್ಣ ಬಂದರೂ ಬಹಳ ದಿನ ಬಾಳುತ್ತೆ, ದಿನದ ಕಾರಿಗೆ ಅದು ಸಾಕು. 304 ದರ್ಜೆಯದ್ದು ಈ ಮೂರರಲ್ಲಿ ತುಕ್ಕನ್ನು ಹೆಚ್ಚು ತಡೆಯುತ್ತೆ, ದುಬಾರಿ. 409ಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತೆ, 304ಕ್ಕೆ ಅಂಟುವುದಿಲ್ಲ ಅನ್ನಬಹುದು. 304ರ ಬೆಲೆ ಹೇಳಿದರೆ ಒಂದು ಅಯಸ್ಕಾಂತ ಇಟ್ಟು ನೋಡಿ.

ತುಕ್ಕು ಹೆಚ್ಚಾಗಿ ಒಳಗಿನಿಂದಲೇ ಬರುತ್ತೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತೆ. ದೂರ ಓಡಿದರೆ ಹೊರಗೆ ಹೋಗುತ್ತೆ. ಐದು ನಿಮಿಷ ಓಡಿಸಿ ನಿಲ್ಲಿಸಿದರೆ ತಣ್ಣಗಿನ ಡಬ್ಬಿಯಲ್ಲೇ ನಿಲ್ಲುತ್ತೆ. ಕೆಲವು ಡಬ್ಬಿಗಳ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತು ಇರುತ್ತೆ. ಲೀಕ್ ಅಂದುಕೊಂಡು ಅದನ್ನು ವೆಲ್ಡ್ ಮಾಡಿಸಬೇಡಿ.

ಕೂರಿಸುವಾಗ ಹಳೆಯ ರಬ್ಬರ್ ಹ್ಯಾಂಗರ್‌ಗಳನ್ನೂ ಬದಲಿಸಿ. ಬಂಪರ್, ಬ್ರೇಕ್ ಪೈಪ್, ಪೆಟ್ರೋಲ್ ಟ್ಯಾಂಕ್, ಇವುಗಳಿಂದ ದೂರ ಇರಬೇಕು. ಲಿಫ್ಟ್ ಮೇಲೆ ಚಕ್ರ ನೇತಾಡುವಾಗ ಅಂತರ ಸರಿ ಕಂಡರೆ ಸಾಲದು, ಕೆಳಗಿಳಿಸಿ ಹಿಂದೆ ಇಬ್ಬರನ್ನು ಕೂರಿಸಿ ಮತ್ತೆ ನೋಡಿ. ಬಾಲದ ಪೈಪ್ ಬಾಡಿಯ ಅಂಚು ದಾಟಿ ಹೊರಗೆ ಬಂದಿರಲೇಬೇಕು. ಇಲ್ಲದಿದ್ದರೆ ಹೊಗೆ ಒಳಗೆ ನುಗ್ಗಬಹುದು, ಅದರಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ವೆಲ್ಡಿಂಗ್ ಮಾಡುವುದಾದರೆ ಬ್ಯಾಟರಿಯ ಮೈನಸ್ ಬಿಚ್ಚಿಸಿ.

ಸದ್ಯಕ್ಕೆ ವೆಲ್ಡಿಂಗ್ ಬದಲು ಕ್ಲಾಂಪ್ ಹಾಕಿಸಿ, ಸದ್ದು ಹಿಡಿಸದಿದ್ದರೆ ಬಿಚ್ಚೋದು ಸುಲಭ. ಒಂದೆರಡು ಸಲ ಬಿಸಿಯಾಗಿ ತಣ್ಣಗಾದ ಮೇಲೆ ಇನ್ನೊಮ್ಮೆ ಬಿಗಿ ಮಾಡಿಸಬೇಕು. ಪೈಪಿನ ಹೊರ ಅಳತೆ, ಡಬ್ಬಿಯ ಉದ್ದ, ಎರಡೂ ಟೇಪ್ ಹಿಡಿದು ನೋಡಿ ಫೋಟೋ ಜೊತೆ ಇಲ್ಲಿ ಹಾಕಿ. ಯಾವುದು ಕೂರುತ್ತೆ ಅಂತ ಆಮೇಲೆ ಹೇಳ್ತೀನಿ.